ಹಿತ್ತಿಲೂ ಒಲೆಯೂ

ಮಂಗಳೂರಿನ ಹಳೆಯ ಮನೆಗಳಿಗೆ ಎರಡು ಬಾಗಿಲು. ಅಂಗಳಕ್ಕೆ ತೆರೆಯುವ ಮುಂಬಾಗಿಲು ಬಂದು ಹೋಗುವವರಿಗೆ. ಅಡುಗೆಮನೆಯಿಂದ ಹಿತ್ತಿಲಿಗೆ ತೆರೆಯುವ ಹಿಂಬಾಗಿಲು ಮನೆಯವರಿಗೆ. ದಿನದ ಅಡುಗೆ ಏನೆಂಬುದು ತೀರ್ಮಾನವಾಗುತ್ತಿದ್ದುದು ಈ ಹಿಂಬಾಗಿಲಿನಲ್ಲಿ. ಬೆಳಗ್ಗೆ ಗೃಹಿಣಿ ಹೊಸ್ತಿಲಲ್ಲಿ ನಿಂತು ಹೊರಗೊಮ್ಮೆ ಕಣ್ಣು ಹಾಯಿಸುವಳು. ಚಪ್ಪರದ ಬಸಳೆ ಕೊಯ್ಯುವಷ್ಟು ಬೆಳೆದಿದೆಯೆ, ತೊಂಡೆಕಾಯಿ ಹಣ್ಣಾಗುವ ಮೊದಲು ಕೀಳಬೇಕೆ, ರಾತ್ರಿಯ ಗಾಳಿಗೆ ಬಾಳೆಯೇನಾದರೂ ಬಿದ್ದಿದೆಯೆ ಎಂದು ನೋಡಿದ ಮೇಲೆಯೇ ಒಲೆಗೆ ಬೆಂಕಿ. ಬಾಳೆ ಬಿದ್ದಿದ್ದರೆ ಅಂದು ದಿಂಡಿನ ಪಲ್ಯ, ಹೂವಿನ ಚಟ್ನಿ. ಬೇಕೆನಿಸಿದುದನ್ನು ಬೇಯಿಸುವುದಕ್ಕಿಂತ ಇದ್ದುದನ್ನು ರುಚಿಯಾಗಿ ಬೇಯಿಸುವುದೇ ಆ ಮನೆಗಳ ಪದ್ಧತಿಯಾಗಿತ್ತು.

ಈ ಪದ್ಧತಿಯನ್ನು ರೂಪಿಸಿದುದು ಮಳೆ. ಮಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗೂ ಅಧಿಕ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದುಹೋಗುತ್ತದೆ. ಮುರಕಲ್ಲಿನ ಕೆಂಪು ನೆಲದ ಮೇಲೆ ಇಷ್ಟು ನೀರು ಹರಿದಾಗ ಮಣ್ಣಿನ ಸಾರ ತೊಳೆದುಹೋಗಿ ನೆಲದಲ್ಲಿ ಆಮ್ಲದ ಅಂಶ ಹೆಚ್ಚುತ್ತದೆ. ಒಲೆಯ ಬೂದಿ ಕ್ಷಾರಗುಣವುಳ್ಳದ್ದು. ಗಿಡಕ್ಕೆ ಬೇಕಾದ ಪೊಟ್ಯಾಷ್ ಕೂಡ ಅದರಲ್ಲಿ ಉಂಟು. ಪ್ರತಿದಿನ ಒಲೆಯಿಂದ ತೆಗೆದ ಬೂದಿಯನ್ನು ಬುಡಕ್ಕೆ ಚೆಲ್ಲುತ್ತಿದ್ದ ಹೆಂಗಸರು ಈ ಶಾಸ್ತ್ರವನ್ನು ಓದಿದವರಲ್ಲ. ಬೂದಿ ಹಾಕಿದ ಬುಡದ ಬಳ್ಳಿ ಸೊಂಪಾಗಿರುವುದನ್ನು ಕಂಡವರು, ಅಷ್ಟೆ. ತರಗೆಲೆಯನ್ನೂ ಮಣ್ಣನ್ನೂ ಒಟ್ಟಿ ಸುಟ್ಟ ಸುಡುಮಣ್ಣು ಹಾಗೂ ಹಟ್ಟಿಯ ಗೊಬ್ಬರ, ಇವು ಹಿತ್ತಿಲಿನ ಉಳಿದ ಬಂಡವಾಳ.

ಹಿತ್ತಿಲಿನ ಅರಸಿ ಬಸಳೆ. ಬಾವಿಕಟ್ಟೆಯ ನೀರೋ ಬಚ್ಚಲಿನ ನೀರೋ ಹರಿಯುವ ಕಡೆಯಲ್ಲಿ ನಾಲ್ಕು ಕಂಬ ನೆಟ್ಟು, ಅಡಕೆಯ ಸಲಾಕೆ ಹಾಸಿ, ಅದರ ಮೇಲೆ ಬಳ್ಳಿಯನ್ನು ಹಬ್ಬಿಸುವುದು ರೂಢಿ. ಮನೆಯಲ್ಲಿ ಒಮ್ಮೆ ಬಳಸಿದ ನೀರು ಇಲ್ಲಿ ಎರಡನೆಯ ಸಲ ಉಪಯೋಗಕ್ಕೆ ಬರುತ್ತದೆ. ಬಸಳೆಗೆ ಬೀಜವೇ ಬೇಕೆಂದಿಲ್ಲ. ಮೂರು ನಾಲ್ಕು ಗಿಣ್ಣುಗಳುಳ್ಳ ಬಲಿತ ದಂಟಿನ ತುಂಡನ್ನು ಊರಿದರೆ ಸಾಕು, ಗಿಣ್ಣಿನಲ್ಲಿ ಬೇರು ಬಿಟ್ಟು ಚಿಗುರುತ್ತದೆ. ಕೊಯ್ದಷ್ಟೂ ಕವಲೊಡೆಯುವ ಬಳ್ಳಿಯಿದು. ಎಲೆಗಳಲ್ಲಿ ಕೆಂಪು ಅಂಚಿನ ಚುಕ್ಕೆಗಳು ಕಾಣಿಸಿದರೆ ಅಂಥವನ್ನು ಒಡನೆ ಕಿತ್ತು ದೂರ ಹಾಕಬೇಕು. ಉದಾಸೀನ ಮಾಡಿದರೆ ರೋಗ ಚಪ್ಪರವನ್ನೆಲ್ಲ ಆವರಿಸುತ್ತದೆ.

ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಂದು ಹಲವು ಭಾಷೆಗಳು ಒಂದೇ ಬೀದಿಯಲ್ಲಿ ಕೇಳಿಬರುವ ಊರು ಇದು. ಚಪ್ಪರ ಎಲ್ಲರ ಹಿತ್ತಿಲಿನಲ್ಲಿಯೂ ಒಂದೇ. ಬೇರೆಯಾಗುವುದು ಒಲೆಯ ಮೇಲೆ. ತುಳುವರ ಮನೆಯಲ್ಲಿ ಅದು ತೆಂಗಿನಕಾಯಿಯ ಮಸಾಲೆ ಅರೆದು ಹಾಕಿದ ಗಸಿಯಾಗಿ, ಅಕ್ಕಿಯ ಪುಂಡಿಯೊಡನೆ ಎಲೆಗೆ ಬೀಳುತ್ತದೆ. ಗೌಡ ಸಾರಸ್ವತರು ತೊಗರಿಬೇಳೆ ಸೇರಿಸಿ ಅಂಬಟ್ ಮಾಡುತ್ತಾರೆ. ಕ್ರೈಸ್ತರ ಮನೆಯಲ್ಲಿ ಸಿಗಡಿ ಅದರ ಜೊತೆಗೂಡುತ್ತದೆ. ನೆರೆಮನೆಯವರು ಬೇಲಿಯ ಮೇಲಿಂದ ದಂಟು ಕೊಟ್ಟು ತೆಗೆದುಕೊಳ್ಳುತ್ತಿದ್ದುದರಿಂದ, ಒಂದು ಮನೆಯ ಬಳ್ಳಿಯ ತಾಯಿಬುಡ ಇನ್ನೊಂದು ಮನೆಯಲ್ಲಿರುವುದು ಸಾಮಾನ್ಯವಾಗಿತ್ತು.

ಆಟಿ ತಿಂಗಳು ಬಂದಾಗ ಹಿತ್ತಿಲಿನ ಬೆಲೆ ನಿಜವಾಗಿ ತಿಳಿಯುತ್ತಿತ್ತು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಈ ತುಳು ತಿಂಗಳಿನಲ್ಲಿ ಕಡಲು ಉಕ್ಕಿ ಮೀನು ದುರ್ಲಭವಾಗುವುದು. ಹಿಂದಿನ ಬೆಳೆಯ ಭತ್ತ ತೀರುತ್ತಾ ಬಂದಿರುವುದು. ಕೂಲಿಯ ಕೆಲಸವೂ ಇಲ್ಲ. ಆಗ ಬಡವರ ಹೊಟ್ಟೆ ತುಂಬಿಸಿದುದು ತಾನಾಗಿ ಚಿಗುರಿದ ಹಸುರು: ತುಳುವಿನಲ್ಲಿ ತಜಂಕ್ ಎನ್ನುವ ತಗಚೆ ಸೊಪ್ಪು, ಕೆಸುವಿನ ಎಲೆ, ಬಿದಿರಿನ ಕಳಲೆ. ಬೇಸಗೆಯಲ್ಲಿ ಕೆಂಪುಮಣ್ಣು ಬಳಿದು ಇಟ್ಟ ಹಲಸಿನ ಬೀಜ, ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ತೊಳೆ ಕೂಡ ಆಗಲೇ ಹೊರಬರುತ್ತಿದ್ದವು.

ಇವುಗಳಲ್ಲಿ ಕೆಸುವಿನ ಎಲೆಯನ್ನು ನೋಡಬೇಕು. ತಿಳಿಯದವರು ಬೇಯಿಸಿದರೆ ನಾಲಗೆಯೂ ಗಂಟಲೂ ತುರಿಸುತ್ತವೆ. ಎಲೆಯೊಳಗೆ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಲವಣ ಸೂಜಿಯಂಥ ಸೂಕ್ಷ್ಮ ಹರಳುಗಳಾಗಿರುವುದೇ ಅದಕ್ಕೆ ಕಾರಣ. ತಿಳಿದವರು ಕೈಗೆ ತೆಂಗಿನೆಣ್ಣೆ ಸವರಿಕೊಂಡು ಎಳೆಯ ಎಲೆಗಳನ್ನೇ ಆರಿಸುತ್ತಾರೆ. ಹಿಂಬದಿಯ ದಪ್ಪ ನರವನ್ನು ಹೆರೆದು ತೆಗೆಯುತ್ತಾರೆ. ನೆನೆಸಿದ ಅಕ್ಕಿ, ತೆಂಗಿನಕಾಯಿ, ಒಣಮೆಣಸು, ಕೊತ್ತಂಬರಿ, ಬೆಲ್ಲ, ಜೊತೆಗೆ ಧಾರಾಳವಾಗಿ ಹುಣಸೆಹುಳಿ ಸೇರಿಸಿ ಅರೆದ ಹಿಟ್ಟನ್ನು ಎಲೆಗೆ ಬಳಿದು, ಅದರ ಮೇಲೊಂದು ಎಲೆಯಿಟ್ಟು ಮತ್ತೆ ಬಳಿದು, ಸುರುಳಿ ಸುತ್ತಿ ಹಬೆಯಲ್ಲಿ ಚೆನ್ನಾಗಿ ಬೇಯಿಸುತ್ತಾರೆ. ಅದೇ ಪತ್ರೊಡೆ. ಹುಳಿಯಲ್ಲಿ ಜಿಪುಣತನ ತೋರಿದ ಪತ್ರೊಡೆ ತಿಂದವನು ಮತ್ತೊಮ್ಮೆ ಆ ಮನೆಯ ಊಟಕ್ಕೆ ಯೋಚಿಸಿಯೇ ಹೋಗುತ್ತಾನೆ!

ಈಗ ನಗರದ ಸಭಾಭವನಗಳಲ್ಲಿ 'ಆಟಿಡೊಂಜಿ ದಿನ' ಎಂಬ ಕಾರ್ಯಕ್ರಮಗಳು ನಡೆಯುತ್ತವೆ. ಈ ತಿನಿಸುಗಳನ್ನು ಸಾಲಾಗಿ ಜೋಡಿಸಿ ಬಡಿಸುತ್ತಾರೆ. ಸಂತೋಷವೇ. ಆದರೆ ತಿನ್ನುವವರಲ್ಲಿ ಎಷ್ಟು ಮಂದಿ ತಗಚೆಯ ಗಿಡವನ್ನು ಬೇಲಿಯಲ್ಲಿ ಗುರುತಿಸಬಲ್ಲರು? ಈ ಪ್ರಶ್ನೆ ಹಗುರವಾದುದಲ್ಲ. ಆಟಿ ಅಮಾವಾಸ್ಯೆಯ ಮುಂಜಾವದಲ್ಲಿ ಪಾಲೆ ಮರದ ತೊಗಟೆಯ ಕಷಾಯ ಕುಡಿಯುವ ಪದ್ಧತಿ ಇಲ್ಲಿದೆ. ಪಾಲೆಯ ಎಲೆಗಳು ರೆಂಬೆಯ ಸುತ್ತ ಐದರಿಂದ ಏಳರ ಗುಂಪಾಗಿರುತ್ತವೆ. ತೊಗಟೆ ಗೀರಿದರೆ ಹಾಲು ಸುರಿಯುತ್ತದೆ. ಇದನ್ನು ಅರಿಯದೆ ಕತ್ತಲಲ್ಲಿ ಕಾಸರಕದ ತೊಗಟೆಯನ್ನು ಕೆತ್ತಿ ತಂದರೆ ಅದು ಪ್ರಾಣಕ್ಕೇ ಮುಳುವಾದ ವಿಷ. ಆಚರಣೆ ಉಳಿದು ಗಿಡಮರಗಳ ಪರಿಚಯ ಅಳಿಯುವುದು ಎಷ್ಟು ಅಪಾಯಕರವೆಂಬುದಕ್ಕೆ ಬೇರೆ ಉದಾಹರಣೆ ಬೇಡ.

ಮಳೆಗಾಲಕ್ಕೆಂದು ಕೂಡಿಡುವ ಇನ್ನೊಂದು ವಸ್ತು ಮಂಗಳೂರು ಸೌತೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಊರಿನ ಮಾಡುಗಳೆಲ್ಲ ಕ್ರಮೇಣ ಕೆಂಪಾದವು. ಆ ಮಾಡಿನ ಕೆಳಗಿನ ತೊಲೆಗಳಿಗೆ, ಬೇಸಗೆಯಲ್ಲಿ ಬೆಳೆದು ಬಲಿತ ಸೌತೆಕಾಯಿಗಳನ್ನು ಬಾಳೆಯ ನಾರಿನಿಂದ ಕಟ್ಟಿ, ಒಂದಕ್ಕೊಂದು ತಾಗದಂತೆ ತೂಗಹಾಕುತ್ತಿದ್ದರು. ಗಾಳಿಯಾಡುವಲ್ಲಿ ಅವು ತಿಂಗಳುಗಟ್ಟಲೆ ಕೆಡವು. ತಿರುಳು ಹುಳಿಗೆ, ಸಿಪ್ಪೆ ಚಟ್ನಿಗೆ. ಬೀಜವನ್ನು ತೊಳೆದು ಬೂದಿಯಲ್ಲಿ ಹೊರಳಿಸಿ ಒಣಗಿಸಿದರೆ ಬರುವ ವರ್ಷದ ಬೆಳೆಗೆ. ಹೀರೆಯ ಒಂದು ಕಾಯಿಯನ್ನಂತೂ ಕೊಯ್ಯದೆ ಬಿಟ್ಟು, ಒಣಗಿದ ಮೇಲೆ ಒಲೆಯ ಹೊಗೆ ತಾಗುವಲ್ಲಿ ನೇತುಹಾಕುತ್ತಿದ್ದರು. ಹೊಗೆಯ ಭಯಕ್ಕೆ ಹುಳ ಹತ್ತಿರ ಸುಳಿಯದು.

ಮೊದಲ ಮಳೆಗೆ ಏರು ಮಾಡಿ ಬಿತ್ತಿದ ಬೆಂಡೆ, ಹಾಗಲ, ಹರಿವೆ, ಮುಳ್ಳುಸೌತೆಗಳು ಆಗಸ್ಟ್, ಸೆಪ್ಟೆಂಬರಿನಲ್ಲಿ ಕೈತುಂಬ ಬರುತ್ತವೆ. ಸೆಪ್ಟೆಂಬರ್ 8ರಂದು ಕೊಂಕಣಿ ಕ್ರೈಸ್ತರು ಆಚರಿಸುವ ಮೊಂತಿ ಹಬ್ಬಕ್ಕೂ ಈ ಫಸಲಿಗೂ ನೇರವಾದ ಸಂಬಂಧ. ಅಂದು ಹೊಸ ಭತ್ತದ ತೆನೆ ಮನೆಗೆ ಬರುತ್ತದೆ. ಊಟ ಪೂರ್ಣ ಸಸ್ಯಾಹಾರ. ತರಕಾರಿಯ ಪದಾರ್ಥಗಳು ಮೂರು, ಐದು, ಏಳು ಎಂದು ಬೆಸಸಂಖ್ಯೆಯಲ್ಲಿಯೇ ಇರಬೇಕು. ಹಿತ್ತಿಲು ದೊಡ್ಡದಾದಷ್ಟೂ ಆ ಸಂಖ್ಯೆ ಏರುತ್ತಿತ್ತು.

ಇಂದು ಆ ಹಿತ್ತಿಲುಗಳಲ್ಲಿ ಅನೇಕ ಕಡೆ ಬಹುಮಹಡಿ ಕಟ್ಟಡಗಳು ಎದ್ದಿವೆ. ಮನೆ ಮೇಲೇರಿದಂತೆ ಹಿಂಬಾಗಿಲು ಮಾಯವಾಗಿದೆ. ಇಷ್ಟು ಮಳೆಯ ಊರಿನಲ್ಲಿಯೂ 2016 ಹಾಗೂ 2019ರ ಬೇಸಗೆಯಲ್ಲಿ ತುಂಬೆಯ ಅಣೆಕಟ್ಟಿನಲ್ಲಿ ನೇತ್ರಾವತಿಯ ನೀರು ತಗ್ಗಿ, ನಗರಕ್ಕೆ ಸರದಿಯಂತೆ ನೀರು ಬಿಡಬೇಕಾಯಿತು. ಅಂಥ ದಿನಗಳಲ್ಲಿ ತೋಟಕ್ಕೆಂದು ಬೇರೆ ನೀರನ್ನು ಕೇಳುವಂತಿಲ್ಲ. ಆದರೆ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಯಾವ ಮನೆಯಲ್ಲಿಯೂ ದಿನವೂ ಇದ್ದೇ ಇರುತ್ತದೆ. ನಾಲ್ಕಾರು ಕುಂಡಗಳಿಗೆ ಅದು ಧಾರಾಳ. ತಾರಸಿಯ ಮೇಲೆ ತೊಂಡೆ, ಅಲಸಂಡೆಗಳನ್ನು ಬೆಳೆಯುವವರು ನಗರದಲ್ಲಿ ಹಲವರಿದ್ದಾರೆ. ಭತ್ತವನ್ನೇ ಬೆಳೆದವರೂ ಉಂಟು. ತೇವವಿರುವ ಅಗಲ ಕುಂಡದಲ್ಲಿ ಒಂದೆಲಗ ತಾನೇ ಹಬ್ಬುತ್ತದೆ. ಒಂದು ಹಿಡಿ ಎಲೆ, ತುಸು ತೆಂಗಿನತುರಿ, ಜೀರಿಗೆ, ಕಾಳುಮೆಣಸು ಅರೆದು ಮಜ್ಜಿಗೆ ಬೆರೆಸಿದರೆ ತಂಬುಳಿ ಸಿದ್ಧ.

ಮಾರುಕಟ್ಟೆಯಿಂದ ತಂದ ಬಸಳೆಯ ಕಟ್ಟಿನಲ್ಲಿ ಬೇಯದಷ್ಟು ಬಲಿತ ದಂಟು ಒಂದೆರಡಾದರೂ ಇರುತ್ತದೆ. ಅದನ್ನು ಎಸೆಯದೆ ಮಣ್ಣು, ಗೊಬ್ಬರ ತುಂಬಿದ ಕುಂಡದಲ್ಲಿ ಎರಡು ಗಿಣ್ಣು ಮುಳುಗುವಂತೆ ಊರಬೇಕು. ಕೆಲವೇ ದಿನಗಳಲ್ಲಿ ಚಿಗುರು ಕಾಣಿಸುತ್ತದೆ. ಬಿಸಿಲು ಬೀಳುವ ಕಡೆಗೆ ಕುಂಡವನ್ನು ಸರಿಸಿ ಒಂದು ಹಗ್ಗ ಕಟ್ಟಿಕೊಟ್ಟರೆ ಬಳ್ಳಿ ಬಾಲ್ಕನಿಯ ಸರಳುಗಳನ್ನು ಹಿಡಿದು ಮೇಲೇರುತ್ತದೆ. ಮೊದಲ ಕೊಯಿಲಿಗೆ ಅವಸರ ಬೇಡ; ಬಳ್ಳಿ ಮೊಳಕೈಯುದ್ದವಾದ ಮೇಲೆ ತುದಿಯನ್ನಷ್ಟೆ ಚಿವುಟಿದರೆ, ಆಮೇಲೆ ಅದು ಎರಡಾಗಿ ಕವಲೊಡೆಯುತ್ತದೆ.