ಆರು ದಿನದ ನಂಬಿಕೆ

ಸಭೆಗೆ ಹೊಸದಾಗಿ ಬಂದವರು ಒಂದಲ್ಲ ಒಂದು ದಿನ ಕೇಳುತ್ತಾರೆ: "ಭಾನುವಾರ ಪ್ರಾರ್ಥನೆಗೆ ಬರ್ತೀವ್ರಿ ಸರ್, ಉಳಿದ ಆರು ದಿನ ಏನ್ ಮಾಡಬೇಕು?" ನಿಮ್ಮ ಕೆಲಸವನ್ನೇ ಮಾಡಬೇಕು. ಅದನ್ನು ಹೇಗೆ ಮಾಡಬೇಕು ಎಂಬುದೇ ಇಂದಿನ ಪಾಠ.

ಶಹಾಬಾದಿನ ಕಲ್ಲಿನಿಂದ ಶುರು ಮಾಡೋಣ. ಈ ಸುಣ್ಣದಕಲ್ಲು ನೆಲದಲ್ಲಿ ಪದರ ಪದರವಾಗಿ ಕೂತಿದೆ. ಅದಕ್ಕೇ ಉಳಿಯ ಪೆಟ್ಟಿಗೆ ಹಾಸುಗಲ್ಲಾಗಿ ಎದ್ದು ಬರುತ್ತದೆ. ಒಂದು ಕಲ್ಲಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು ಎನ್ನಿ. ಅದನ್ನು ತುಂಬಿ ಪಾಲಿಶ್ ಕೊಟ್ಟರೆ ಕೊಳ್ಳುವವನಿಗೆ ಗೊತ್ತಾಗುವುದಿಲ್ಲ. ಮುಂದೊಂದು ದಿನ ಯಾರದೋ ಅಡುಗೆಮನೆಯಲ್ಲಿ ಅದು ಒಡೆಯುತ್ತದೆ. ಆ ಮನೆಯವರ ಮುಖ ನೀವು ನೋಡಿಲ್ಲ. ಆದರೂ ಪ್ರೀತಿಸಬೇಕೆಂದು ಯೇಸು ಹೇಳಿದ ನೆರೆಯವರಲ್ಲಿ ಅವರೂ ಸೇರಿದ್ದಾರೆ. "ಇದರಲ್ಲಿ ಬಿರುಕಿದೆ" ಎಂದು ಹೇಳಿ ಆ ಕಲ್ಲನ್ನು ಬೇರೆ ಇಡುವುದೇ ನೀವು ಅವರಿಗೆ ತೋರಿಸುವ ಪ್ರೀತಿ.

ವಾಡಿ ಜಂಕ್ಷನ್ನಿನ ಬಳಿ ರಾತ್ರಿ ಹಳಿ ನೋಡುತ್ತ ನಡೆಯುವವನಿಗೂ ಇದೇ ಮಾತು. ಅವನ ಟಾರ್ಚಿನ ಬೆಳಕನ್ನು ನಂಬಿ ರೈಲಿನಲ್ಲಿ ನೂರಾರು ಜನ ನಿದ್ದೆ ಮಾಡುತ್ತಿರುತ್ತಾರೆ. ಚಿತ್ತಾಪುರದಲ್ಲಿ ತೊಗರಿ ತೂಗುವವರ ಪರೀಕ್ಷೆ ತಕ್ಕಡಿಯಲ್ಲಿ. ಸೇಡಂ ಸಿಮೆಂಟ್ ಕಾರ್ಖಾನೆಯ ಮೇಲ್ವಿಚಾರಕನ ಪರೀಕ್ಷೆ ಕೈಕೆಳಗಿನ ಗುತ್ತಿಗೆ ಕೂಲಿಯವರ ಜೊತೆ ಆಡುವ ಮಾತಿನಲ್ಲಿ.

ಇದಕ್ಕೆ ಬೈಬಲ್‌ನಲ್ಲಿ ಆಧಾರವೇನು? ಯೇಸು ಊರಿನವರಿಗೆ ಬಡಗಿಯೆಂದೇ ಪರಿಚಿತ. ಪೌಲನು ಕೊರಿಂಥದಲ್ಲಿ ಅಕ್ವಿಲ ಮತ್ತು ಪ್ರಿಸ್ಕಿಲ್ಲರ ಜೊತೆ ಗುಡಾರ ಹೊಲಿದು ಬದುಕಿದ. ಯೊಪ್ಪದ ದೊರ್ಕ ತೀರಿಕೊಂಡಾಗ ವಿಧವೆಯರು ಅಳುತ್ತ ತೋರಿಸಿದ್ದು ಅವಳು ಹೊಲಿದುಕೊಟ್ಟ ಬಟ್ಟೆಗಳನ್ನು. ಅವಳ ಒಂದು ಮಾತೂ ಅಲ್ಲಿ ದಾಖಲಾಗಿಲ್ಲ, ಹೊಲಿಗೆ ಉಳಿದಿದೆ.

ಕಾಯಕ, ದಾಸೋಹ ಎಂಬ ಮಾತು ಕೇಳುತ್ತಲೇ ಬೆಳೆದ ನಮ್ಮ ಕಲಬುರಗಿ ಸೀಮೆಯವರಿಗೆ ಇದು ಹೊಸದೆನಿಸಲಿಕ್ಕಿಲ್ಲ. ಆದರೆ ಹೊಸಬರು ಎಡವುವ ಜಾಗ ಒಂದಿದೆ. ಚೆನ್ನಾಗಿ ದುಡಿದರೆ ದೇವರು ನನ್ನನ್ನು ಮೆಚ್ಚುತ್ತಾನೆ ಎಂದು ಲೆಕ್ಕ ಹಾಕಬೇಡಿ. ದೇವರ ಪ್ರೀತಿ ಮೊದಲೇ ಉಚಿತವಾಗಿ ಸಿಕ್ಕಿದೆ ಎನ್ನುತ್ತದೆ ಕ್ರೈಸ್ತ ನಂಬಿಕೆ. ದುಡಿಮೆ ಅದಕ್ಕೆ ಸಲ್ಲಿಸುವ ಕೃತಜ್ಞತೆ. ಕೂಲಿಗೆ ದುಡಿಯುವ ಆಳಿಗೂ ಮನೆಗಾಗಿ ದುಡಿಯುವ ಮಗನಿಗೂ ಇರುವ ವ್ಯತ್ಯಾಸ ಇದು.

ನಮ್ಮ ಭಾಗದ ಮೆಥೊಡಿಸ್ಟ್ ಸಭೆಗಳ ಮೂಲಪುರುಷ ಜಾನ್ ವೆಸ್ಲಿ (1703–1791) ಹಣದ ಬಗ್ಗೆ ಮೂರು ಪಾಠ ಹೇಳಿದ: ಚೆನ್ನಾಗಿ ಗಳಿಸು, ಉಳಿಸು, ಕೊಡು. ಗಳಿಕೆಗೆ ಅವನು ಬೇಲಿಯನ್ನೂ ಹಾಕಿದ. ನಿನ್ನ ಆರೋಗ್ಯ ಕೆಡಬಾರದು, ನೆರೆಯವನಿಗೆ ಹಾನಿಯಾಗಬಾರದು. ಪಾಲಿಶ್ ಯಂತ್ರದ ಮಾಲೀಕ ಕ್ರೈಸ್ತನಾಗಿದ್ದರೆ ದೂಳು ಏಳದಂತೆ ನೀರು ಹಾಯಿಸುವುದು, ಕೆಲಸಗಾರರಿಗೆ ಮಾಸ್ಕ್ ಕೊಡುವುದು ಈ ಬೇಲಿಯೊಳಗೇ ಬರುತ್ತದೆ. ಕೆಲಸ ಕೊಡುವುದೂ ನೆರೆಯವನಿಗೆ ತೋರಿಸುವ ಪ್ರೀತಿಯೇ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಕ್ರೈಸ್ತರಾದ ಮೇಲೆ ಜಾತಿಯ ಆಸರೆ, ಕಸುಬು ಕಳೆದುಕೊಂಡವರಿಗೆ ಪ್ರಾರ್ಥನೆಯ ಜೊತೆ ಕೂಲಿಯೂ ಬೇಕಿತ್ತು.

ಈ ವಾರ ಒಂದು ಅಭ್ಯಾಸ ಮಾಡಿ. ಕೆಲಸಕ್ಕೆ ಕೈ ಹಾಕುವ ಮುನ್ನ "ಇದು ಯಾರಿಗೆ ಮುಟ್ಟುತ್ತದೆ?" ಎಂದು ಕೇಳಿಕೊಳ್ಳಿ. ಸಂಜೆ ಅಕ್ಕಪಕ್ಕ ಕಣ್ಣು ಹಾಯಿಸಿ. ಚಿಂಚೋಳಿ ಕಡೆಯ ತಾಂಡಾಗಳಿಂದ ಮಕ್ಕಳು ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋದಾಗ ಮನೆಯಲ್ಲಿ ಮುದುಕರು ಉಳಿಯುತ್ತಾರೆ. ಅಂಥ ಅಜ್ಜಿಗೆ ಒಂದು ಕೊಡ ನೀರು ತಂದುಕೊಡಿ, ಗುಳಿಗೆ ಚೀಟಿ ಓದಿ ಹೇಳಿ.

ಆಮೇಲೆ "ನಮ್ಮ ಸಭೆಗೆ ಬರ್ರಿ" ಎಂದು ಕರಾರು ಹಾಕಬೇಡಿ, ಅದು ವ್ಯಾಪಾರವಾಗುತ್ತದೆ. ಯೇಸು ಹೇಳಿದ ಕಥೆಯ ಸಮಾರ್ಯದವನನ್ನು ನೆನೆಯಿರಿ. ದಾರಿಯಲ್ಲಿ ಬಿದ್ದವನ ಗಾಯಕ್ಕೆ ಎಣ್ಣೆ ಹಾಕಿದ, ತನ್ನ ಪ್ರಾಣಿಯ ಮೇಲೆ ಕೂರಿಸಿದ, ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಕೊಟ್ಟ. ಗಾಯಗೊಂಡವನ ಕುಲ, ಹೆಸರು ಕೇಳಿದನೆಂದು ಕಥೆಯಲ್ಲಿ ಎಲ್ಲಿಯೂ ಇಲ್ಲ.