ಬಾಳೆನಾರಿನ ಹವ್ಯಾಸ: ವರ್ಷದ ಗುರಿ ಎಷ್ಟಿರಬೇಕು?

ನಮ್ಮ ನಂಜನಗೂಡು, ತಿ. ನರಸೀಪುರದ ಕಡೆ ಗೊನೆ ಕಡಿದ ಮೇಲೆ ಬಾಳೆದಿಂಡು ಬದುವಿನ ಮೇಲೆ ಕೊಳೆಯೋದು ಮಾಮೂಲು. ಅದರ ನಾರು ತೆಗೆದು ಬುಟ್ಟಿ ಹೆಣೆಯೋದು ನನ್ನ ಹವ್ಯಾಸ.

ಮೊದಲ ವರ್ಷ 50 ಬುಟ್ಟಿ ಅಂತ ಗುರಿ ಇಟ್ಟೆ. ಕಬಿನಿ ನಾಲೆಗೆ ನೀರು ಬಂತು, ನಾಟಿ ಶುರುವಾಯ್ತು. ಕಡಿದಿಟ್ಟ ದಿಂಡೆಲ್ಲ ಕೊಳೆತುಹೋಯ್ತು. ಆಗಿದ್ದು 3 ಬುಟ್ಟಿ. ಇದು ನನ್ನ ಕೈಲಾಗಲ್ಲ ಅಂತ ಬಿಟ್ಟೇಬಿಡೋನಿದ್ದೆ. ಆದರೆ ತಪ್ಪು ಕೈಯದಲ್ಲ, ಲೆಕ್ಕದ್ದು.

ಈಗ ನಾನು ಅನುಸರಿಸುವ ಕ್ರಮ ಹೀಗಿದೆ:

1. ನಾಟಿ, ಕೊಯ್ಲು, ನಂಜನಗೂಡು ದೊಡ್ಡ ಜಾತ್ರೆಯ ದಿನಗಳನ್ನು ಮೊದಲೇ ಕಳೆಯಿರಿ. ನನಗೆ ಉಳಿದದ್ದು 6 ತಿಂಗಳು.

2. ತಿಂಗಳಿಗೆ ಒಂದೇ ಬುಟ್ಟಿ. ವರ್ಷಕ್ಕೆ 6.

3. ಮಾರಾಟವನ್ನು ಗುರಿ ಮಾಡಬೇಡಿ. ಅದು ಕೊಳ್ಳೋರ ಕೈಲಿದೆ. ವರ್ಷಕ್ಕೊಂದು ಹೊಸ ಹೆಣಿಗೆ ಕಲಿಯೋದು ನಮ್ಮ ಕೈಲಿದೆ.

4. ಒಂದು ಸಲಕ್ಕೆ 2 ದಿಂಡು ಸಾಕು. ಹಸಿಯಿದ್ದಾಗಲೇ ಪಟ್ಟೆ ಬಿಡಿಸಿ, ಹಲಗೆ ಮೇಲಿಟ್ಟು ಮೊಂಡು ಚಾಕುವಿನಿಂದ ಹೆರೆದು, ತೊಳೆದು ನೆರಳಲ್ಲಿ ಒಣಗಿಸಿ.

ಎಚ್ಚರಿಕೆ: ಪನಾಮ ಸೊರಗು ರೋಗ ಬಂದ ತೋಟದ ದಿಂಡು ತರಬೇಡಿ. ನಮ್ಮ ನಂಜನಗೂಡು ರಸಬಾಳೆಯನ್ನು ಕಾಡಿದ್ದು ಅದೇ ರೋಗ. ಅದರ ಶಿಲೀಂಧ್ರ ಮಣ್ಣಲ್ಲಿ ಹಲವು ವರ್ಷ ಉಳಿಯುತ್ತೆ.

ಕಳೆದ ವರ್ಷ 6ರಲ್ಲಿ 5 ಮುಗಿಸಿದೆ. ಉಳಿದ ಒಂದನ್ನು ಈ ವರ್ಷದ ಲೆಕ್ಕಕ್ಕೆ ಸೇರಿಸಲಿಲ್ಲ. ಬಾಕಿ ಹೊತ್ತುಕೊಂಡು ಹೋದರೆ ಹವ್ಯಾಸವೂ ಸಾಲವಾಗುತ್ತೆ. ಸಾಲ ನಮಗೆ ಮೊದಲೇ ಸಾಕಷ್ಟಿದೆ.