ದೇವರು ಪ್ರೀತಿ ಅಂದ್ಮೇಲೆ ನರಕ ಯಾಕೆ?

ಓದುವ ಭಾಗ: ಯೆರೆಮೀಯ 7:31, ಮತ್ತಾಯ 25:41-46, ಲೂಕ 19:41-44

ಕಾಲೇಜಲ್ಲಿ, ಆಫೀಸಲ್ಲಿ ಈ ಪ್ರಶ್ನೆ ನಿಮಗೆ ಬಂದೇ ಬರುತ್ತೆ. ಹೆದರಬೇಡಿ, ವಾಕ್ಯ ತೆರೆಯಿರಿ.

1. ನರಕಕ್ಕೆ ಯೇಸು ಸ್ವಾಮಿ ಬಳಸಿದ ಪದ ‘ಗೆಹೆನ್ನ’. ಅಂದ್ರೆ ಯೆರೂಸಲೇಮಿನ ಪಕ್ಕದ ಹಿನ್ನೋಮ್ ಕಣಿವೆ. ಅರಸರಾದ ಆಹಾಜ, ಮನಸ್ಸೆ ತಮ್ಮ ಸ್ವಂತ ಮಕ್ಕಳನ್ನೇ ಅಲ್ಲಿ ಬೆಂಕಿಗೆ ಕೊಟ್ಟರು. ಆ ಬೆಂಕಿ ಹಚ್ಚಿದ್ದು ಯಾರು? ಮನುಷ್ಯ. ಅಂಥದ್ದು ತನ್ನ ಮನಸ್ಸಿಗೂ ಬಂದಿರಲಿಲ್ಲ ಅಂತ ದೇವರು ಯೆರೆಮೀಯನ ಮೂಲಕ ಹೇಳ್ತಾರೆ. ಸುಟ್ಟುಹೋದ ಆ ಮಕ್ಕಳಿಗೆ ನ್ಯಾಯ ಕೊಡದ ದೇವರನ್ನು ಪ್ರೀತಿಯ ದೇವರು ಅನ್ನೋಕಾಗುತ್ತಾ?

2. ನಿತ್ಯ ಬೆಂಕಿ ಸಿದ್ಧವಾದದ್ದು ಸೈತಾನನಿಗೂ ಅವನ ದೂತರಿಗೂ. ಆದರೆ ಹಸಿದವರನ್ನೂ ರೋಗಿಗಳನ್ನೂ ಕಡೆಗಣಿಸಿದವರು ಅದೇ ಬೆಂಕಿಗೆ ಹೋಗ್ತಾರೆ ಅಂತ ಮತ್ತಾಯ 25 ಎಚ್ಚರಿಸುತ್ತೆ. ಇದು ಹೊರಗಿನವರಿಗೆ ಮಾತ್ರ ಹೇಳಿದ್ದಲ್ಲ, ನಮಗೂ ಹೇಳಿದ್ದು.

3. ಬರಲಿರುವ ನಾಶವನ್ನು ಮುಂತಿಳಿಸುವಾಗ ಯೇಸು ಸ್ವಾಮಿ ಯೆರೂಸಲೇಮನ್ನು ನೋಡಿ ಅತ್ತರು. ಆಮೇಲೆ ಅದೇ ಪಟ್ಟಣದವರಿಗೋಸ್ಕರ, ನಮಗೋಸ್ಕರ, ಶಿಲುಬೆಗೆ ಹೋದರು. ಕಣ್ಣೀರಿಲ್ಲದೆ ನರಕದ ಬಗ್ಗೆ ಮಾತಾಡೋ ಹಕ್ಕು ನಮಗಿಲ್ಲ.

ಈ ವಾರ ವಾದಕ್ಕೆ ಮುಂಚೆ ಒಬ್ಬ ಸ್ನೇಹಿತನ ಹೆಸರು ಹೇಳಿ ಮೊಣಕಾಲೂರಿ ಪ್ರಾರ್ಥಿಸಿ. ಆಮೆನ್.